ಕಾಕುವಿನ ಪಡಸಾಲೆ

ಕುರ್ಲಾದ ನಮ್ಮ ಚಾಳಿನಲ್ಲಿ ಎಲ್ಲರ ಖೋಲಿಯೂ ಒಂದೇ ಅಳತೆಯದು. ಬಾಗಿಲು ತೆಗೆದರೆ ಎದುರಿಗೇ ಕಿಟಕಿ. ಅವೆರಡರ ನಡುವೆ ಒಬ್ಬರು ಕೈಕಾಲು ಚಾಚಿ ಮಲಗಿದರೆ, ಮಿಕ್ಕ ಜಾಗದಲ್ಲಿ ಮಿಕ್ಕವರ ಸಂಸಾರ. ನಮ್ಮದೂ ಅಷ್ಟೇ, ನಮ್ಮಾಚೆಯವರದೂ ಅಷ್ಟೇ. ಆದರೆ ಈಚೆ ಪಕ್ಕದ ಕಾಕುವಿನ ಮನೆಯಲ್ಲಿ ಮಾತ್ರ ಕಟ್ಟೆ, ಪಡಸಾಲೆ, ಅಡುಗೆಮನೆ, ದೇವರಮನೆ, ಬಚ್ಚಲು, ಕೊಟ್ಟಿಗೆ, ಹಿತ್ತಲು ಎಲ್ಲವೂ ಇದ್ದವು. ಇವು ಸಾಲದೆಂಬಂತೆ 'ಒಳಗ' ಅನ್ನುವುದೂ ಒಂದಿತ್ತು. ಇಲ್ಲದಿದ್ದದ್ದು ಗೋಡೆಗಳು ಮಾತ್ರ.

ಕಾಕು ಹೋದ ತಿಂಗಳು ತೀರಿಕೊಂಡರು. ಅಂದಿನಿಂದ ನಾನು ನನ್ನ ದಹಿಸರ್‌ನ ಫ್ಲ್ಯಾಟಿನಲ್ಲಿ ಬೆಡ್‌ರೂಮಿನಿಂದ ಹಾಲಿಗೆ ಬರುವಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತೇನೆ. ಯಾಕೆ ನಿಂತೆ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಮಂಡಿನೋವು ಅನ್ನುತ್ತೇನೆ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತ ಕೂತರೆ ಕುಕ್ಕರ್ ಇಡುವವರು ಯಾರು?

ನಮ್ಮ ಮಂಡ್ಯದ ಕಡೆ ಕಾಕು ಎನ್ನುವ ಮಾತಿಲ್ಲ, ಚಿಕ್ಕಮ್ಮ ಅನ್ನುತ್ತೇವೆ. ಮದುವೆಯಾಗಿ ಕುರ್ಲಾಕ್ಕೆ ಬಂದಾಗ ಚಾಳಿನ ಮರಾಠಿಯವರೂ ಅವರನ್ನು ಕಾಕು ಅನ್ನುತ್ತಿದ್ದರು, ವಿಜಯಪುರದ ಕಡೆಯವರೂ ಕಾಕು ಅನ್ನುತ್ತಿದ್ದರು, ನಾನೂ ಅಂದೆ. ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಷ್ಟು ಹೊತ್ತಿಗೆ ಆ ಹೆಸರು ಬೇರೆ ಯಾರದೋ ಇರಬೇಕು ಅನ್ನಿಸುವಂತಾಗಿತ್ತು.

ಬಂದ ಮಾರನೆಯ ದಿನವೇ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಅವರ ಬಾಗಿಲಿಗೆ ಹೋದೆ. ಜೋಳದ ರೊಟ್ಟಿ ಬಡಿಯುತ್ತಿದ್ದರು. ಅದೇ ಅವರ ಕಸುಬು; ಊರುಬಿಟ್ಟು ಬಂದು ಒಂಟಿಯಾಗಿರುವ ನಮ್ಮ ಗಂಡಸರಿಗೆಲ್ಲ ರೊಟ್ಟಿ ಕಟ್ಟಿ ಕೊಡುತ್ತಿದ್ದರು. ನನ್ನನ್ನು ಕಂಡು ನಕ್ಕು, "ಬಾ ತಂಗಿ, ಪಡಸಾಲ್ಯಾಗ ಕುಂದ್ರು. ಅಡಗಿಮನ್ಯಾಗಿಂದ ಮಸರ ತರ್ತೀನಿ" ಅಂದರು.

ನಾನು ಪಡಸಾಲೆ ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದೆ. ಕಾಕು ಬೆರಳಿನಿಂದ ಬಾಗಿಲ ಬಳಿಯ ಚಾಪೆ ತೋರಿಸಿದರು. ಕೂತೆ. ಅವರು ಕೂತಲ್ಲಿಂದಲೇ ಕೈ ಚಾಚಿ ಮೊಸರಿನ ಗಡಿಗೆ ಎಳೆದುಕೊಂಡರು. ಅಡುಗೆಮನೆಯಿಂದ ತರುವುದು ಎಂದರೆ ಅಷ್ಟು.

ಪಕ್ಕದಲ್ಲಿ ಒಂದು ಟ್ರಂಕು, ಅದರಾಚೆ ಒಂದು ಕಬ್ಬಿಣದ ಕಪಾಟು. ಎರಡರ ನಡುವಿನ ಸಂದಿಯಲ್ಲಿ ಅವರ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಕಾ ಚೆಂಬೂರಿನ ಒಂದು ಬಿಲ್ಡಿಂಗಿನಲ್ಲಿ ರಾತ್ರಿ ವಾಚ್‌ಮನ್; ಹಗಲೆಲ್ಲ ನಿದ್ದೆ. ಎಚ್ಚರವಾದೀತು ಎಂದು ನಾನು ಪಿಸುಗುಟ್ಟಿದೆ.

"ಯಾಕ ತಂಗಿ, ಗಂಟಲಾ ಕುಂತದೇನು?" ಅಂದರು ಕಾಕು.

"ಇಲ್ಲ ಕಾಕು. ಅವ್ರು ಮಲಗಿದಾರಲ್ಲ."

"ಅವರು ಒಳಗ ಮಲಗ್ಯಾರವಾ. ಇಲ್ಲೀದು ಅಲ್ಲಿಗೆ ಕೇಳಸಂಗಿಲ್ಲ."

ನಾನು ಕಾಲು ಚಾಚಿದ್ದರೆ ಕಾಕಾನ ಬೆನ್ನಿಗೆ ತಾಗುತ್ತಿತ್ತು. ಅಷ್ಟರಲ್ಲಿ ಅವರು ಕೆಮ್ಮಿದರು. ಕಾಕು ಕಿವಿಗೊಟ್ಟು ಕೇಳಿ, "ಒಳಗಿಂದ ಕೆಮ್ಮಿದಂಗಾತು. ಎದ್ದಾರ ಕಾಣ್ತದ. ಚಾ ಇಡ್ತೀನಿ" ಅಂದರು. ಈ ಹೆಂಗಸಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದು ಆ ರಾತ್ರಿಯ ಊಟಕ್ಕೆ ಮುಂಚೆ ಯಜಮಾನರಿಗೆ ವರದಿ ಒಪ್ಪಿಸಿದ್ದೆ.

ಆಮೇಲೆ ಆ ಮನೆಯ ಭೂಗೋಳ ನನಗೂ ಬಾಯಿಪಾಠವಾಯಿತು. ಚಾಳಿನ ಎಲ್ಲರೂ ಓಡಾಡುವ ಗ್ಯಾಲರಿಯಲ್ಲಿ ಅವರ ಬಾಗಿಲ ಮುಂದಿನ ತುಂಡು, ಕಟ್ಟೆ. ಚಾಪೆ ಹಾಸಿದ್ದು ಪಡಸಾಲೆ. ಸ್ಟೋವಿನ ಸುತ್ತ ಅಡುಗೆಮನೆ, ಮೇಲೆ ದೇವರ ಪಟ ಇಟ್ಟ ಹಲಗೆ ದೇವರಮನೆ. ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿಯೇ ಬಚ್ಚಲು. ಗ್ಯಾಸ್ ಸಿಲಿಂಡರನ್ನು ಸರಪಳಿ ಹಾಕಿ ಕಟ್ಟಿದ್ದ ಜಾಗ ಕೊಟ್ಟಿಗೆ. ಕಿಟಕಿಯ ಕಂಬಿಗಳಾಚೆ ಎಣ್ಣೆ ಡಬ್ಬದಲ್ಲಿ ತುಳಸಿ, ಕರಿಬೇವು. ಅದರಾಚೆ ರೈಲಿನ ಹಳಿ. ಅದೆಲ್ಲ ಸೇರಿ ಹಿತ್ತಲು. ಲೋಕಲ್ ಬಂದಾಗ ಮಾತು ಕೇಳಿಸುತ್ತಿರಲಿಲ್ಲ. "ತಡಿ, ಹಿತ್ತಲದಾಗ ಗಾಡಿ ಹೊಂಟದ" ಎಂದು ಕಾಕು ಕೈ ಎತ್ತುತ್ತಿದ್ದರು, ಯಾರದೋ ಎಮ್ಮೆ ಬೇಲಿ ಹಾರಿ ಬಂದಂತೆ.

'ಒಳಗ' ಎಂದರೆ ಆ ಟ್ರಂಕು ಮತ್ತು ಕಪಾಟಿನ ನಡುವಿನ ಸಂದಿ. ಅದರ ಕಾನೂನು ಬೇರೆ. ಅಲ್ಲಿ ಹೋಗಿ ಗೋಡೆಗೆ ಮುಖ ಮಾಡಿದರೆ ಬಾಗಿಲು ಹಾಕಿಕೊಂಡಂತೆ. ಹೊರಗಿನವರು ನೋಡಬಾರದು, ಕರೆಯಬಾರದು, ಅಲ್ಲಿಯ ಮಾತು ಕಿವಿಗೆ ಬಿದ್ದರೂ ಬೀಳಬಾರದು. ಸೀರೆ ಉಡುವುದು ಅಲ್ಲಿ, ಅಳುವುದು ಅಲ್ಲಿ, ಗಂಡನ ಮೇಲೆ ಮುನಿಸಿಕೊಳ್ಳುವುದೂ ಅಲ್ಲಿ. ಮುನಿಸು ಮುಗಿದ ಮೇಲೆ ಈ ಕಡೆ ತಿರುಗಿದರೆ ಬಾಗಿಲು ತೆಗೆದಂತಾಯಿತು.

ಇನ್ನೊಂದು ವಿಚಿತ್ರವೆಂದರೆ, ಒಳಗೆ ಹೋಗುವಾಗ, ಒಳಗಿನಿಂದ ಬರುವಾಗ ಕಾಕು ತಲೆ ಬಗ್ಗಿಸುತ್ತಿದ್ದರು. ಬಹಳ ಎತ್ತರದ ಆಳೇನಲ್ಲ. ನನ್ನ ಭುಜಕ್ಕೆ ಬರುತ್ತಿದ್ದರು. ಮೇಲೆ ತೊಲೆಯಿಲ್ಲ, ಚೌಕಟ್ಟಿಲ್ಲ, ಬರಿಯ ಗಾಳಿ. ಆದರೂ ಟ್ರಂಕಿನ ಹತ್ತಿರ ಬಂದ ತಕ್ಷಣ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಕುತ್ತಿಗೆ ತಗ್ಗಿಸಿ ಒಳಹೊಗುತ್ತಿದ್ದರು. ಕೈಯಲ್ಲಿ ಕಾದ ಹಾಲಿರಲಿ, ಮಗುವಿರಲಿ, ಬಗ್ಗುವುದು ತಪ್ಪುತ್ತಿರಲಿಲ್ಲ.

ಇದೆಲ್ಲ ದೊಡ್ಡ ಮನೆಯಲ್ಲಿ ಹುಟ್ಟಿ ಬೆಳೆದು, ಕಾಲಕೆಟ್ಟು ಇಲ್ಲಿಗೆ ಬಂದವರ ಚಾಳಿ ಎಂದೇ ನಾನು ತಿಳಿದಿದ್ದೆ. ಒಂದು ಮಧ್ಯಾಹ್ನ ಮೆಂತ್ಯಸೊಪ್ಪು ಸೋಸುತ್ತ ಕೇಳಿಯೇಬಿಟ್ಟೆ.

"ಕಾಕು, ನಿಮ್ಮ ತವರುಮನೆ ತುಂಬ ದೊಡ್ಡದಿತ್ತಾ?"

ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ ನನ್ನವ್ವ, ಇದರ ಅರ್ಧಾ ಇತ್ತು" ಅಂದರು.

ಸಿಂದಗಿಯ ಆಚೆ ಎಲ್ಲೋ ಒಂದು ಹಳ್ಳಿ. ಮಣ್ಣಿನ ಮಾಳಿಗೆ, ಒಂದೇ ಅಂಕಣ, ನಡುವೆ ಒಂದು ಕಂಬ. ಅಪ್ಪ, ಅವ್ವ, ಅಜ್ಜಿ, ಮಕ್ಕಳ ಹಿಂಡು, ಒಂದು ಆಡು. ಅವ್ವ ಊರಗೌಡರ ವಾಡೆಯಲ್ಲಿ ಕಸ ಮುಸುರೆಯ ಕೆಲಸಕ್ಕೆ ಹೋಗುತ್ತಿದ್ದಳಂತೆ. ಅಲ್ಲಿ ಬಾಗಿಲ ಮೇಲೆ ಬಾಗಿಲು, ಮನೆಯೊಳಗೆ ಮನೆ.

"ವಾಡೇದಿಂದ ನಮ್ಮವ್ವ ಒಂದು ಹಿಡಿ ಜ್ವಾಳಾನೂ ಕೇಳಿ ತಂದಾಕಿ ಅಲ್ಲ" ಅಂದರು ಕಾಕು. "ಖೋಲಿಗೋಳ ಹೆಸರು ಅಷ್ಟ ತಂದ್ಲು ನೋಡು. ಅದಕ್ಕ ಯಾರು ಏನಂತಾರ? ಕಂಬದ ಈ ಕಡೆ ಪಡಸಾಲಿ ಅಂದ್ಲು, ಆ ಕಡೆ ಅಡಗಿಮನಿ ಅಂದ್ಲು. ಆಡು ಕಟ್ಟಿದ್ದು ಕೊಟ್ಟಿಗಿ. ಆ ಆಡು ಕೊಟ್ಟಿಗ್ಯಾಗ ನಿಂತು ಪಡಸಾಲ್ಯಾಗಿನ ಕೌದಿ ತಿಂತಿತ್ತು."

"ಮತ್ತೆ ತಲೆ ಯಾಕೆ ಬಗ್ಗಿಸ್ತೀರಿ? ಬಾಗ್ಲೇ ಇರ್ಲಿಲ್ವಲ್ಲ?"

"ದೊಡ್ಡ ಮನಿ ಒಳಬಾಗಲಾ ಗಿಡ್ಡ ಇರ್ತಾವ ತಂಗಿ. ಬಗ್ಗೇ ಹೋಗಬೇಕು. ನಮ್ಮವ್ವ ಬಗ್ಗತಿದ್ಲು, ನಾವೂ ಬಗ್ಗತಿದ್ವಿ. ಬಗ್ಗಲಾರದ ನುಗ್ಗಿದ್ರ 'ಹಣಿ ಒಡಕೊಂಡ್ಯಲ್ಲೋ' ಅಂತ ತಲಿಗೆ ಒಂದು ಏಟು ಹಾಕಾಕಿ. ಹಣಿ ಖರೇನ ನೋಯ್ತಿತ್ತು."

ಮಳೆಗಾಲದ ಕತೆ ಅವರಿಗೆ ಬಹಳ ಇಷ್ಟ. ಎಷ್ಟು ಸಲ ಹೇಳಿದರೂ ನಗು ಕಡಿಮೆಯಾಗುತ್ತಿರಲಿಲ್ಲ. ಮಾಳಿಗೆ ಸೋರತೊಡಗಿದರೆ ಅವ್ವ, "ಅಡಗಿಮನಿ ಸೋರ್ತದ, ಎಲ್ಲಾರೂ ಪಡಸಾಲಿಗೆ ಬರ್ರಿ" ಅನ್ನುವಳು. ಎಲ್ಲರೂ ಒಂದು ಗೇಣು ಜರುಗುವರು. ಅಲ್ಲಿಯೂ ಸೋರಿದರೆ ದೇವರಮನೆಗೆ, ಅಲ್ಲಿಂದ ಕೊಟ್ಟಿಗೆಗೆ. ಕೊನೆಗೆ ಆಡಿನ ಸುತ್ತ ಎಲ್ಲರೂ ಮುದುಡಿ ಕೂರುವುದು. "ಒಂದು ಮಳಿ ಬಂದ್ರ ಇಡೀ ವಾಡೆ ಸುತ್ತಿ ಬರ್ತಿದ್ವಿ" ಎಂದು ಕಾಕು ಕಣ್ಣೊರೆಸಿಕೊಳ್ಳುತ್ತಿದ್ದರು, ನಕ್ಕು ನಕ್ಕು ಬಂದ ನೀರನ್ನು.

ಇನ್ನೊಂದನ್ನು ಆ ಮಧ್ಯಾಹ್ನ ಒಮ್ಮೆ ಮಾತ್ರ ಹೇಳಿದರು. ಅದನ್ನೂ ರೊಟ್ಟಿ ಬಡಿಯುತ್ತಲೇ ಹೇಳಿದರು, ಅದೇ ನಗುಮುಖದಲ್ಲಿ. ರಾತ್ರಿ ಅವ್ವ ಎಲ್ಲರಿಗೂ ಬಡಿಸಿ, ತನ್ನ ತಾಟು ತೆಗೆದುಕೊಂಡು, "ನಾ ಒಳಗ ಹೋಗಿ ಉಣ್ತೀನಿ" ಎಂದು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳಂತೆ. ಒಳಗಿದ್ದವರನ್ನು ನೋಡಬಾರದು ಎಂಬುದು ಅವಳೇ ಮಾಡಿದ ಕಾನೂನು. ಮಕ್ಕಳು ನೋಡುತ್ತಿರಲಿಲ್ಲ.

"ತಾಟಿನಾಗ ಏನಿತ್ತೋ ನಮಗ ಗೊತ್ತಿಲ್ಲ ತಂಗಿ" ಅಂದರು ಕಾಕು. "ನಾವು ಶಾಣ್ಯಾ ಮಕ್ಕಳು. ಒಮ್ಮೀನೂ ಇಣಿಕಿ ನೋಡಲಿಲ್ಲ."

ರೊಟ್ಟಿ ತಿರುವಿ ಹಾಕಿದರು. ನನಗೆ ಮೆಂತ್ಯದ ಎಲೆಯೂ ಕಡ್ಡಿಯೂ ಒಂದೇ ಆಗಿ ಕಂಡಿತು. ಇವರಿಗೆ ತಲೆ ಕೆಟ್ಟಿದೆ ಎಂದು ಅಂದಿನಿಂದ ನಾನು ಯಾರಿಗೂ ಹೇಳಿಲ್ಲ.

ಕಾಕುವಿನ ಒಬ್ಬಳೇ ಮಗಳು ಸವಿತಾ ಕುರ್ಲಾದಲ್ಲೇ ಹುಟ್ಟಿದವಳು. ಅವಳಿಗೆ ಈ ವಾಡೆಯ ವ್ಯವಹಾರ ಎಂದರೆ ಮೈಯೆಲ್ಲ ಉರಿ. "ಅವ್ವಾ, ಯೇ ಏಕ್ ಹೀ ರೂಮ್ ಹೈ. ನನ್ನ ಫ್ರೆಂಡ್ಸ್ ಬಂದಾಗ ಹಿತ್ತಲ ಗಿತ್ತಲ ಅನಬ್ಯಾಡ ನೀ, ಪ್ಲೀಸ್" ಎಂದು ಹಲ್ಲು ಕಡಿಯುತ್ತಿದ್ದಳು. ಆದರೆ ಒಳಗಿನ ಕಾನೂನಿನ ಲಾಭವನ್ನು ಅವಳಷ್ಟು ಪಡೆದವರಿಲ್ಲ. ಪರೀಕ್ಷೆಗೆ ಓದಿದ್ದು ಅಲ್ಲೇ. ದೊಡ್ಡವಳಾಗಿ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಫೋನು ಹಿಡಿದು ಗುಸುಗುಸು ಮಾಡಿದ್ದೂ ಅಲ್ಲೇ. ಅವಳ ಗುಸುಗುಸು ಗೋಡೆ ದಾಟಿ ನಮ್ಮ ಖೋಲಿಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಕೂತು ಹಿಟ್ಟು ನಾದುವ ಕಾಕುವಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

ಸವಿತಾಳ ಮದುವೆಯ ಮಾತು ಶುರುವಾದಾಗ ಈ ವಾಡೆ ಅಡ್ಡ ಬಂತು. ವಾಡೆಯಲ್ಲ, ಖೋಲಿ. ನೋಡಲು ಬಂದವರು ಹುಡುಗಿಯನ್ನು ಮೆಚ್ಚುತ್ತಿದ್ದರು, ರೊಟ್ಟಿಯನ್ನು ಇನ್ನೂ ಮೆಚ್ಚುತ್ತಿದ್ದರು. ಆಮೇಲೆ ಒಮ್ಮೆ ಸುತ್ತ ಕಣ್ಣಾಡಿಸಿ, "ಫೋನ್ ಮಾಡ್ತೀವಿ" ಎಂದು ಹೋಗುತ್ತಿದ್ದರು. ಯಾರೂ ಮಾಡಲಿಲ್ಲ. ಹೀಗೆ ಹಲವರಾದ ಮೇಲೆ ದಹಿಸರ್‌ನಿಂದ ಒಂದು ಸಂಬಂಧ ಬಂತು. ಹುಡುಗ ಏಸಿ ರಿಪೇರಿ ಕೆಲಸದವನು. ಮಧ್ಯಸ್ಥಿಕೆಯ ಮುದುಕರು ಫೋಟೋ ಜೊತೆಗೆ ನಂಬರನ್ನೂ ಕೊಟ್ಟುಬಿಟ್ಟಿದ್ದರಿಂದ ಸವಿತಾಳ ಗುಸುಗುಸು ಒಂದು ತಿಂಗಳು ಬಿಡುವಿಲ್ಲದೆ ನಡೆಯಿತು. ಹುಡುಗಿಗೆ ಅವನು ಹಿಡಿಸಿದ್ದಾನೆ ಎಂದು ನಮ್ಮ ಗೋಡೆಗೂ ಗೊತ್ತಾಗಿತ್ತು. "ಆಂಟಿ, ಇವರೂ ಖೋಲಿ ನೋಡಿ ಎದ್ದು ಹೋದರೆ ನಾನು ಇನ್ನು ಯಾರ ಮುಂದೇನೂ ಕೂರಲ್ಲ. ಪಕ್ಕಾ" ಎಂದು ಅವಳು ನನ್ನೆದುರು ಹೇಳಿದ್ದಳು. ಹೇಳಿದ್ದನ್ನು ಮಾಡುವ ಹುಡುಗಿ. ನನಗೆ ಭಯವಾಯಿತು.

ಹುಡುಗನ ಅಪ್ಪನದೇ ಕೊನೆಯ ಮಾತು ಎಂದು ತಿಳಿದಿತ್ತು. ಕಲಬುರ್ಗಿಯ ಕಡೆಯಿಂದ ಬರಿಗೈಯಲ್ಲಿ ಬಂದು, ಸೆಂಟ್ರಿಂಗ್ ಕೆಲಸ ಹಿಡಿದು, ಫ್ಲ್ಯಾಟ್ ಮಾಡಿಕೊಂಡ ಆಸಾಮಿ. ಅವರ ಪರವಾಗಿ ಮಧ್ಯಸ್ಥಿಕೆಯ ಮುದುಕರು ಕಾಕುವಿಗೆ ಫೋನು ಮಾಡಿದರು. ನಾನು ಅಲ್ಲೇ ಪಡಸಾಲೆಯಲ್ಲಿ ಕೂತಿದ್ದೆ. ಸ್ಪೀಕರ್ ಹಾಕಿತ್ತು.

"ಮನಿ ಹ್ಯಾಂಗದವಾ? ಬೀಗರು ಕೇಳ್ಲಿಕತ್ತಾರ."

"ಚೊಲೋ ಅದರೀ" ಅಂದರು ಕಾಕು. "ಮುಂದ ಕಟ್ಟಿ ಅದ. ಪಡಸಾಲಿ, ಅಡಗಿಮನಿ, ದೇವರಮನಿ, ಒಂದು ಒಳಗಿನ ಖೋಲಿ. ಕೊಟ್ಟಿಗಿ ಅದ. ಹಿತ್ತಲಂತೂ ಬೇಕಾದಷ್ಟು ಉದ್ದದ."

"ಕುರ್ಲಾದಾಗ ಹಿತ್ತಲಾ?"

"ಹೂನ್ರೀ. ಕಲ್ಯಾಣ ತನಾ ಕಾಣ್ತದ."

ಹಳಿ ಕಲ್ಯಾಣದ ಸ್ಟೇಷನ್ನಿನವರೆಗೂ ಇದ್ದದ್ದು ನಿಜ. ಫೋನಿಟ್ಟ ಮೇಲೆ ನಾನು, "ಕಾಕು, ಏನ್ ಹೇಳ್ಬಿಟ್ರಿ ನೀವು?" ಅಂದೆ. ಅವರು ನನ್ನನ್ನೇ ಅಚ್ಚರಿಯಿಂದ ನೋಡಿದರು. "ಇದ್ದದ್ದ ಹೇಳೇನಲ್ಲವಾ?" ಆ ಮುಖದಲ್ಲಿ ಒಂದು ಎಳೆಯಷ್ಟೂ ಕಪಟವಿರಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲೇ ಇದ್ದವರು ಇನ್ನೇನು ಹೇಳಿಯಾರು?

ನಾಲ್ಕು ಜನ ಬರುತ್ತಾರೆ ಎಂದು ಕಾಕು ರೊಟ್ಟಿ, ಎಣ್ಣೆಗಾಯಿ, ಶಿರಾ ಮಾಡಿದ್ದರು. ಮನೆ ದೊಡ್ಡದು, ಹಿತ್ತಲು ಬೇರೆ ಇದೆ ಎಂದು ಕೇಳಿದ ದಹಿಸರ್‌ನವರು ಸೋದರತ್ತೆ, ಸೋದರಮಾವ, ಅವರ ಮಕ್ಕಳು, ಎಲ್ಲರನ್ನೂ ಕಟ್ಟಿಕೊಂಡು ಮೂರು ರಿಕ್ಷಾದಲ್ಲಿ ಬಂದಿಳಿದರು. ಭಾನುವಾರದ ಮಧ್ಯಾಹ್ನ, ಚಾಳಿನವರೆಲ್ಲ ಗ್ಯಾಲರಿಗೆ ಬಂದು ನಿಂತರು.

ಹುಡುಗನ ಅಪ್ಪ ಧಡೂತಿ ಆಳು, ಸಫಾರಿ ಹಾಕಿದ್ದರು. ಬಾಗಿಲಲ್ಲಿ ನಿಂತು, "ಮನಿ ಯಾವದ್ರೀ?" ಅಂದರು.

"ಇದೇರೀ. ಬರ್ರಿ, ಪಡಸಾಲ್ಯಾಗ ಕುಂದರ್ರಿ. ಹೆಣ್ಮಕ್ಕಳು ಅಡಗಿಮನಿಗೆ ಬರ್ರಿ. ಹುಡುಗೂರು ಕಟ್ಟಿ ಮ್ಯಾಲ ಇರ್ಲಿ."

ಗಂಡಸರು ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತರು. ಅಡುಗೆಮನೆಗೆ ಬಂದ ಹೆಂಗಸರ ಬೆನ್ನು ಪಡಸಾಲೆಯ ಗಂಡಸರ ಬೆನ್ನಿಗೆ ಒರಗಿತು. ಸೋದರಮಾವನೊಬ್ಬ ಜಾಗವಿಲ್ಲದೆ ಕೊಟ್ಟಿಗೆಯಲ್ಲಿ ಸಿಲಿಂಡರಿನ ಮೇಲೆಯೇ ಕೂರಲು ಹೋದ, ಕಾಕಾ ತಡೆದರು. ಹುಡುಗನ ಅಪ್ಪ ಸುತ್ತ ನೋಡಿ, ಒಳಕೋಣೆಗಳ ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿರುವುದು ಕಾಣುತ್ತಿತ್ತು.

"ಹುಡುಗಿ ಎಲ್ಲ್ಯದಾಳ?"

"ಒಳಗ ತಯಾರಾಗ್ಲಿಕತ್ತಾಳ್ರೀ."

ಸವಿತಾ ಟ್ರಂಕಿನಾಚೆ ಗೋಡೆಗೆ ಮುಖ ಮಾಡಿ ಜಡೆಗೆ ಹೂ ಸಿಕ್ಕಿಸುತ್ತಿದ್ದಳು. ಅವಳ ಜಡೆಯ ತುದಿ ಆತನ ಮೊಣಕೈಯಿಂದ ಒಂದು ಮೊಳ ದೂರವಿತ್ತು.

"ಇಲ್ಲೇ ಅದಾಳಲ್ರೀ" ಅಂದರು ಆತ.

"ಇಲ್ರೀ, ಒಳಗದಾಳ. ಈಗ ಬರ್ತಾಳ."

ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಬಂತು. ಅಷ್ಟರಲ್ಲಿ ಹಿತ್ತಲಲ್ಲಿ ಗಾಡಿ ಬಂತು. ಎಲ್ಲರೂ ಅದು ಹೋಗುವವರೆಗೆ ಒಬ್ಬರ ಮುಖ ಒಬ್ಬರು ನೋಡಿದರು. ಗಾಡಿ ಹೋದ ಮೇಲೆ ಹುಡುಗನ ಅಪ್ಪ ಮಧ್ಯಸ್ಥಿಕೆಯ ಮುದುಕರ ಕಡೆ ತಿರುಗಿ, "ಒಂದು ಖೋಲಿ ಇಟ್ಕೊಂಡು ವಾಡೆ ಅಂತ ಹೇಳಿಸ್ಯಾರ. ನಮ್ಮನ್ನ ಏನ್ ತಿಳಕೊಂಡಾರ?" ಅಂದರು. ಮುದುಕರು ಫ್ಯಾನು ನೋಡತೊಡಗಿದರು. ಕಾಕುವಿನ ಮುಖ ಬಾಡಿತು. "ಸುಳ್ಳು ಏನ್ ಹೇಳೇನ್ರೀ ನಾ?" ಎಂದು ಕೇಳಿದ್ದು ನಿಜವಾಗಿಯೂ ತಿಳಿದುಕೊಳ್ಳುವ ದನಿಯಲ್ಲಿ.

ಸವಿತಾ ತಿರುಗಿದಳು. ಅವಳ ಕಣ್ಣು ತುಂಬಿತ್ತು. ಟ್ರಂಕಿನ ಮೇಲಿಟ್ಟಿದ್ದ ಚಹಾದ ತಟ್ಟೆ ಹಿಡಿದು ತಲೆ ಬಗ್ಗಿಸಿ ಹೊರಗೆ ಬಂದಳು. ಅವಳೂ ಬಗ್ಗುತ್ತಾಳೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಹುಡುಗನ ಸೋದರತ್ತೆ ಬಾಯಿಗೆ ಸೆರಗು ಇಟ್ಟುಕೊಂಡರು.

ಉಣ್ಣದೆ ಹೋಗಕೂಡದು ಎಂದು ಕಾಕು ಹಟ ಹಿಡಿದರು. ಹುಡುಗನ ಅಪ್ಪ ಏಳಲು ನೋಡಿದರು. ಆದರೆ ಎದ್ದರೆ ಕಾಲಿಡಲು ಜಾಗವಿರಲಿಲ್ಲ, ಜೊತೆಗೆ ಎಣ್ಣೆಗಾಯಿಯ ವಾಸನೆಗೆ ಅವರ ಕಡೆಯವರು ಆಗಲೇ ತಟ್ಟೆ ಹಿಡಿದಿದ್ದರು. ನಾನು ನಮ್ಮ ಮನೆಯ ಅನ್ನ ಸಾರು ತಂದು ಕೂಡಿಸಿದೆ. ಆದರೂ ಬಂದವರು ಬಹಳ, ಇದ್ದದ್ದು ಸ್ವಲ್ಪ. ರೊಟ್ಟಿಯ ಬುಟ್ಟಿಯ ತಳ ಕಂಡಿತು, ಅನ್ನದ ಪಾತ್ರೆಯೂ ಖಾಲಿಯಾಯಿತು.

"ನೀವೂ ಉಣ್ರಲಾ" ಅಂದರು ಹುಡುಗನ ತಾಯಿ.

"ನೀವು ಸಾವಕಾಶ ಉಣ್ರಿ. ನಾ ಒಳಗ ಹೋಗಿ ಉಣ್ತೀನಿ" ಅಂದರು ಕಾಕು. ತಾಟೊಂದನ್ನು ತೆಗೆದುಕೊಂಡರು. ಟ್ರಂಕಿನ ಬಳಿ ತಲೆ ಬಗ್ಗಿಸಿದರು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು.

ತಾಟಿನಲ್ಲಿ ಏನೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಸವಿತಾಳಿಗೆ ಗೊತ್ತಿತ್ತು. ಅವಳು ನನ್ನನ್ನು ನೋಡಿದಳು, ನಾನು ಸೌಟನ್ನು ನೋಡಿದೆ. ಕಾನೂನು ಮುರಿದು ಹೆಸರು ಹಿಡಿದು ಕರೆಯಲೇ ಅನ್ನಿಸಿತು. ಅಷ್ಟು ಜನರ ಎದುರು ಅವರ ಬಾಗಿಲು ಒಡೆದಂತಾಗುತ್ತದೆ ಎಂದು ನಾಲಗೆ ಏಳಲಿಲ್ಲ.

ಆಗ ಹುಡುಗ ಎದ್ದ. ಬಂದಾಗಿನಿಂದ ತುಟಿ ಎರಡು ಮಾಡಿರಲಿಲ್ಲ. ಮೂಗನೋ ಏನೋ ಎಂದು ಚಾಳಿನವರು ಆಗಲೇ ಮಾತಾಡಿಕೊಂಡಿದ್ದರು. ಉದ್ದನೆಯ ಆಳು. ತನ್ನ ತಟ್ಟೆ ಹಿಡಿದು, ಅಪ್ಪನ ಮಂಡಿ ದಾಟಿ, ಮಾವನ ಭುಜ ದಾಟಿ, ಟ್ರಂಕಿನ ಬಳಿ ಬಂದು ನಿಂತ. ಅಲ್ಲಿಂದ ಮುಂದೆ ಕಾಲಿಡಲಿಲ್ಲ.

"ಅತ್ತಿ, ಒಳಗ ಬರ್ಲೇನ್ರೀ?" ಅಂದ.

ಕಾಕು ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತ, "ಬಾ ಯಪ್ಪಾ. ಬಾಗಲಾ ಗಿಡ್ಡದ. ತಲಿ ಸಂಭಾಳಿಸಿ ಬಾ" ಅಂದರು.

ಅವನು ಬಗ್ಗಿದ. ಸುಮ್ಮನೆ ಕುತ್ತಿಗೆ ಆಡಿಸಿದ್ದಲ್ಲ. ಸೊಂಟದಿಂದ ಬಗ್ಗಿ, ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ಒಳಗೆ ಹೋದ. ಕಾಕುವಿನ ಪಕ್ಕ ಗೋಡೆಗೆ ಮುಖ ಮಾಡಿ ಕೂತ. ತನ್ನ ತಟ್ಟೆಯಿಂದ ರೊಟ್ಟಿ ಎತ್ತಿ ಅವರ ತಾಟಿಗೆ ಹಾಕಿದ. ನಮಗೆ ಎರಡು ಬೆನ್ನು ಕಾಣುತ್ತಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಆ ಮನೆಯ ಕಾನೂನಿನ ಪ್ರಕಾರ ಅದೂ ನಮಗೆ ಕಾಣಕೂಡದು.

"ಏನಂದ ಅವಾ?" ಅಂದರು ಹುಡುಗನ ಅಪ್ಪ.

"ಅತ್ತಿ ಅಂದ" ಅಂದರು ಅವನ ತಾಯಿ, ಬದನೆಕಾಯಿ ಮುರಿಯುತ್ತ. "ಅಂದಾದ ಮ್ಯಾಲ ಇನ್ನೇನದ? ನೀವು ಉಣ್ರಿ."

ಸವಿತಾಳಿಗೆ ಅಳು ಬಂತು. ಅಳಲು ಒಳಗೆ ಹೋಗೋಣವೆಂದರೆ ಅಲ್ಲಿ ಇಬ್ಬರು ಊಟಕ್ಕೆ ಕೂತಿದ್ದರು. ಪಾಪ, ಹಿತ್ತಲಿಗೆ ಹೋಗಿ ಕರಿಬೇವಿನ ಡಬ್ಬ ಹಿಡಿದುಕೊಂಡು ಅತ್ತಳು.

ಮದುವೆಯಾಗಿ ಅವಳು ದಹಿಸರ್‌ಗೆ ಹೋದಳು. ಕೆಲವು ವರ್ಷದ ಮೇಲೆ ನಮಗೂ ಅಲ್ಲೇ ಪಕ್ಕದ ಬಿಲ್ಡಿಂಗಿನಲ್ಲಿ ಫ್ಲ್ಯಾಟು ಹುಡುಕಿಕೊಟ್ಟದ್ದು ಕಾಕುವಿನ ಅಳಿಯನೇ. ಕಾಕಾ ತೀರಿಕೊಂಡ ಮೇಲೆ ಕಾಕುವನ್ನೂ ಕರೆತಂದ. ಎರಡು ಬೆಡ್‌ರೂಮು, ಹಾಲು, ಕಿಚನ್, ಎಲ್ಲಕ್ಕೂ ನಿಜವಾದ ಗೋಡೆ, ನಿಜವಾದ ಬಾಗಿಲು. ಕಾಕು ಮೊದಲ ದಿನ ಎಲ್ಲವನ್ನೂ ಮುಟ್ಟಿ ನೋಡಿ, "ಊರು ಭಾರಿ ಅದ" ಅಂದರಂತೆ. ಆಮೇಲೆ ಹಾಲಿನ ಒಂದು ಮೂಲೆಗೆ ತಮ್ಮ ಟ್ರಂಕು ತರಿಸಿ, ಅಲ್ಲಿ ಕಟ್ಟೆ, ಪಡಸಾಲೆ, ದೇವರಮನೆ, ಒಳಗ, ಎಲ್ಲ ಮಾಡಿಕೊಂಡರು. ಉಳಿದ ಫ್ಲ್ಯಾಟು ಅವರಿಗೆ ಊರು. ಕಿಚನ್ನಿಗೆ ಹೋಗುವುದಿದ್ದರೆ "ಪ್ಯಾಟಿಗೆ ಹೋಗಿ ಬರ್ತೀನಿ" ಅನ್ನುತ್ತಿದ್ದರು. ಬೆಡ್‌ರೂಮಿಗೆ ಕರೆದರೆ, "ಪರಊರಾಗ ನನಗ ನಿದ್ದಿ ಬರಂಗಿಲ್ಲ" ಅನ್ನುತ್ತಿದ್ದರು. ಮೊಮ್ಮಗಳಿಗೆ ಕನ್ನಡ ಅಷ್ಟಕ್ಕಷ್ಟೇ. ಆದರೂ ನಾನು ಬೆಲ್ ಮಾಡಿದರೆ ಬಾಗಿಲು ತೆಗೆದು, ಎದುರಿಗೇ ಕೂತ ಅಜ್ಜಿಯ ಬೆನ್ನು ತೋರಿಸಿ, "ನಾನಿ ಒಳಗದಾಳ, ಬಾದ್ ಮೇ ಆವೋ" ಎಂದು ಗಂಭೀರವಾಗಿ ಹೇಳುತ್ತಿದ್ದಳು. ಆಮೇಲೆ ಬಾ ಅಂದರೆ ಆಮೇಲೆಯೇ; ನಾನು ಬಾಗಿಲ ಹೊರಗೆ ಕಾಯುತ್ತಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಕಾಕು ಊಟ ಮಾಡಿ, ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಮಲಗಿದರು. ಒಳಗಿದ್ದಾರೆ ಎಂದು ಯಾರೂ ಮಾತಾಡಿಸಲಿಲ್ಲ. ಟೀವಿ ನಡೆಯಿತು, ಕುಕ್ಕರ್ ಕೂಗಿತು, ಮೊಮ್ಮಗಳು ಅವರ ಪಕ್ಕದಲ್ಲೇ ಆಡಿದಳು. ಸಂಜೆ ಚಹಾದ ಹೊತ್ತಿಗೂ ಅವರು ಈ ಕಡೆ ತಿರುಗದೆ ಹೋದಾಗ ಸವಿತಾಳಿಗೆ ಗೊತ್ತಾಯಿತು. ನಾನು ಓಡಿ ಹೋದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಳಗೆ ಇಣುಕಿ ಅವರ ಮುಖ ನೋಡಿದೆ. ನಗುವ ಮುಖವೇ. ನನಗೆ ಬಹಳ ಸಂಕಟವಾಯಿತು.

ಹೊತ್ತುಕೊಂಡು ಹೋಗುವ ಸಮಯ ಬಂತು. ನಾಲ್ಕು ಜನ ಹೆಗಲು ಕೊಟ್ಟರು. ಮುಂದೆ ಅಳಿಯ, ಅವನ ಪಕ್ಕ ಬಿಲ್ಡಿಂಗಿನ ಮರಾಠಿ ಸೆಕ್ರೆಟರಿ, ಹಿಂದೆ ಕೆಳಗಿನ ಮನೆಯ ಗುಜರಾತಿ ಶೇಟ್, ಅವರ ಪಕ್ಕ ಅಳಿಯನ ಅಪ್ಪ, ಈಗ ಮುದುಕರಾಗಿದ್ದರೂ ಹಟ ಹಿಡಿದು ಬಂದವರು. ಮೂಲೆಯಿಂದ ಎತ್ತಿ ಹೊರಟವರು ಟ್ರಂಕಿನ ಬಳಿ ಬಂದಾಗ ಅಳಿಯ ನಿಂತುಬಿಟ್ಟ. ಎಲ್ಲರೂ ನಿಲ್ಲಬೇಕಾಯಿತು.

"ತಲಿ" ಅಂದ. "ತಲಿ ಸಂಭಾಳಿಸ್ರಿ. ಬಾಗಲಾ ಗಿಡ್ಡದ."

ಸೆಕ್ರೆಟರಿಯೂ ಶೇಟೂ ತಲೆಯೆತ್ತಿ ನೋಡಿದರು. ಎತ್ತರದ ಹಾಲು; ಮೇಲೆ ಫ್ಯಾನು ಬಿಟ್ಟರೆ ಏನೂ ಇರಲಿಲ್ಲ. ಆದರೆ ಅಳಿಯ ಆಗಲೇ ಬಗ್ಗಿದ್ದ, ಹಿಂದೆ ಅವನ ಅಪ್ಪನೂ ಮಂಡಿಯ ನೋವು ಲೆಕ್ಕಿಸದೆ ಬಗ್ಗಿದ್ದರು. ಉಳಿದಿಬ್ಬರೂ ಏನೂ ಕೇಳದೆ ಬಗ್ಗಿದರು. ಹಾಗೇ ಬಗ್ಗಿಕೊಂಡು ಕಾಕುವನ್ನು ಪಡಸಾಲೆಗೆ ತಂದರು, ಪಡಸಾಲೆಯಿಂದ ಕಟ್ಟೆಗೆ.

ಅವರ ಹಿಂದೆ ಸವಿತಾ ಬಗ್ಗಿ ಬಂದಳು, ಮಗುವಿನ ತಲೆಯನ್ನೂ ಕೈಯಿಂದ ತಗ್ಗಿಸಿ. ಕೊನೆಗೆ ನಾನು. ಆತುರದಲ್ಲಿ ಸರಿಯಾಗಿ ಬಗ್ಗಿದೆನೋ ಇಲ್ಲವೋ, ಹಣೆ ಖರೇನೇ ನೋಯುತ್ತಿತ್ತು.